ಕಾವಲಿನ ಕಿರುಪ್ರಜೆಗಳು



ಚರಿತ್ರೆ ಎಂದೊಡನೆ ಕೋಟೆ ಕೊತ್ತಲಗಳೂ ಶಿಲಾಶಾಸನಗಳೂ ರಾಜರ ವಂಶಾವಳಿಯೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಒಂದು ಹುಲ್ಲುಗಾವಲಿಗೂ ಚರಿತ್ರೆಯುಂಟು, ಆ ಹುಲ್ಲಿನ ಬುಡದಲ್ಲಿ ಹರಿದಾಡುವ ಹುಳುಹುಪ್ಪಟೆಗಳಿಗೂ ಅದರಲ್ಲಿ ಪಾಲುಂಟು ಎಂದರೆ ಕೆಲವರು ನಕ್ಕಾರು. ನಾನು ಬಹಳ ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿರುವವನು. ಪ್ರಾಣಿಶಾಸ್ತ್ರ ನನ್ನ ವಿಷಯವಲ್ಲ. ಷಟ್ಪದಿ ಎಂದರೆ ಭಾಮಿನಿಯೋ ವಾರ್ಧಕವೋ ಎಂದು ಕೇಳುವವರ ಪೈಕಿ ನಾನು. ಆದರೆ ನಮ್ಮ ಶಾಲೆ ಇರುವುದು ಒಂದು ಅಮೃತಮಹಲ್ ಕಾವಲಿನ ಅಂಚಿನಲ್ಲಿ. ಮುಂಗಾರು ಬಂತೆಂದರೆ ನಿಜವಾದ ಆರು ಕಾಲಿನ ಷಟ್ಪದಿಗಳು ತರಗತಿಯೊಳಕ್ಕೇ ನಡೆದು ಬರುತ್ತವೆ. ಅವುಗಳ ಬೆನ್ನುಹತ್ತಿ ಹೋಗಿ ಕಂಡದ್ದನ್ನೂ, ಹಳೆಯ ಗ್ರಂಥಗಳಲ್ಲಿ ಓದಿದ್ದನ್ನೂ, ವಿಜ್ಞಾನಿಗಳು ಈಚೆಗೆ ಹೇಳುತ್ತಿರುವುದನ್ನೂ ಸೇರಿಸಿ ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಮೊದಲು ‘ಕಾವಲು’ ಎಂಬ ಮಾತನ್ನು ನೋಡೋಣ. ‘ಕಾ’ ಎಂಬ ಧಾತುವಿಗೆ ಕಾಪಾಡು ಎಂದು ಅರ್ಥ. ಯಾರೂ ಉಳದಂತೆ, ಮರ ಕಡಿಯದಂತೆ, ಹೊತ್ತಲ್ಲದ ಹೊತ್ತಿನಲ್ಲಿ ದನ ನುಗ್ಗದಂತೆ ಕಾಯ್ದಿಟ್ಟ ಹುಲ್ಲುನೆಲವೇ ಕಾವಲು. ಮೈಸೂರಿನಲ್ಲಿ 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಮಂದೆಗಳನ್ನು ನೋಡಿಕೊಳ್ಳಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಿತ್ತು. ಹೆಸರೇ ಹೇಳುವಂತೆ ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿಯ ಕಾಲಕ್ಕೆ ಹಾಲಿಗಿಂತ ಎತ್ತು ಮುಖ್ಯವಾಯಿತು. ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಈ ತಳಿಯನ್ನು ಮೀರಿಸುವ ಎತ್ತು ಬೇರೆ ಇರಲಿಲ್ಲ. ಹೈದರನು ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿ ಚಿದಂಬರವನ್ನು ಮುಟ್ಟಿದನೆಂದೂ, ಅದು ಈ ಎತ್ತುಗಳಿಂದಲೇ ಸಾಧ್ಯವಾಯಿತೆಂದೂ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಬೆಣ್ಣೆ ಚಾವಡಿಗೆ ‘ಅಮೃತಮಹಲ್’ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆಗಳು ಕ್ಷೀಣಿಸಿದವು. 1813ರಲ್ಲಿ ಕಂಪನಿಯ ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬಾತನ ವಶಕ್ಕೆ ಬಂದ ಬಳಿಕ ಅವು ಮತ್ತೆ ಚೇತರಿಸಿಕೊಂಡವು. 1860ರಲ್ಲಿ ಖರ್ಚು ಉಳಿಸುವ ನೆವದಿಂದ ಸರ್ಕಾರ ಮಂದೆಗಳನ್ನು ಮಾರಿಬಿಟ್ಟಿತು. ಒಳ್ಳೆಯ ಎತ್ತು ಸಿಗದೆ ಪಶ್ಚಾತ್ತಾಪಪಟ್ಟು 1866ರಲ್ಲಿ ಮತ್ತೆ ಕಟ್ಟಿತು. 1880ರ ದಶಕದಲ್ಲಿ ಈ ಇಲಾಖೆ ಮೈಸೂರು ಸರ್ಕಾರದ ಕೈಗೆ ಬಂತು. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ಹಾಸನ ಮೊದಲಾದ ಜಿಲ್ಲೆಗಳ ಬಯಲುಸೀಮೆಯಲ್ಲಿ ಇನ್ನೂರಕ್ಕೂ ಮಿಕ್ಕಿದ ಕಾವಲುಗಳು ಆಗ ಇದ್ದವು.

ಇಷ್ಟು ಚರಿತ್ರೆ ಪಠ್ಯಪುಸ್ತಕಕ್ಕೆ ಸಾಕು. ನನ್ನ ಮಾತು ಇಲ್ಲಿಂದ ಮುಂದೆ ಶುರುವಾಗುತ್ತದೆ.

ಆ ಕಾವಲುಗಳನ್ನು ಹಿಂದಿನವರು ಮೂರು ಬಗೆಯಾಗಿ ವಿಂಗಡಿಸಿದ್ದರು: ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಗೆಯ ಕಾವಲೆಂದರೆ ಬಹುಮಟ್ಟಿಗೆ ಕೆರೆಯಂಗಳ. ನೀರು ಇಳಿದಂತೆಲ್ಲ ಅಲ್ಲಿ ಹಸಿಹುಲ್ಲು ಚಿಗುರುತ್ತಿತ್ತು; ನಡುಹಗಲಿನಲ್ಲಿ ದನ ಮಲಗಲು ಮರದ ನೆರಳಿರುತ್ತಿತ್ತು. ಇವುಗಳ ಬೆಲೆ ಹೆಚ್ಚು, ಆದ್ದರಿಂದ ಕಾಪೂ ಹೆಚ್ಚು. ಉಳಿದೆರಡು ಬಗೆಯ ಕಾವಲುಗಳಲ್ಲಿ ಆಯಾ ಕಾಲಕ್ಕೆ ಹುಲ್ಲು ನೀರು ಯಥೇಚ್ಛ. ಬೇಸಗೆ ಬಂದರೆ ಒಣಗಿ ಬೆಂಗಾಡು. ಮಂದೆಗಳು ಮಳೆಯನ್ನು ಅನುಸರಿಸಿ ಒಂದರಿಂದ ಮತ್ತೊಂದಕ್ಕೆ ಹೋಗುತ್ತಿದ್ದವು. ಮಳೆ ಬಂದಾಗ ಬಯಲು, ಮಳೆ ಹೋದಾಗ ನೆರಳು. ಇದೇ ಆ ವ್ಯವಸ್ಥೆಯ ಸೂತ್ರ.

ಈ ಸೂತ್ರದ ಮಹತ್ವ ತಿಳಿಯಬೇಕಾದರೆ ಇಲ್ಲಿಯ ಮಳೆಯನ್ನು ಬಲ್ಲವರಾಗಬೇಕು. ಮಲೆನಾಡಿನವರಿಗೆ ಮಳೆ ಒಂದು ಋತು; ಬಯಲುಸೀಮೆಯವರಿಗೆ ಅದೊಂದು ಘಟನೆ. ಚಳ್ಳಕೆರೆಯ ಕಡೆ ವರ್ಷಕ್ಕೆ ಬೀಳುವುದು ಇಪ್ಪತ್ತು ಇಂಚಿನ ಆಸುಪಾಸು. ಅದೂ ಒಂದೇ ಸಮನೆ ಅಲ್ಲ. ಮೇ ತಿಂಗಳಲ್ಲಿ ಗುಡುಗಿ ಒಂದಿಷ್ಟು, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತಷ್ಟು, ನಡುವೆ ಗಾಳಿ ಮೋಡ. ಒಂದು ಹದ ಮಳೆಯಾದರೆ ನಾಲ್ಕೇ ದಿನದಲ್ಲಿ ನೆಲ ಹಸುರಾಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಹನಿಯಿಲ್ಲದಿರಬಹುದು. ಇಂಥ ನೆಲದಲ್ಲಿ ಬದುಕಬೇಕಾದ ಜೀವಿ, ದನವಾಗಲಿ ಹುಳುವಾಗಲಿ, ಎರಡು ವಿದ್ಯೆ ಕಲಿತಿರಬೇಕು: ಮಳೆ ಬಂದೊಡನೆ ಎದ್ದು ದುಡಿಯುವುದು ಒಂದು, ಮಳೆ ಹೋದಾಗ ಅಡಗಿ ಕಾಯುವುದು ಇನ್ನೊಂದು.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು. ಹುಡುಗರನ್ನು ಕರೆದುಕೊಂಡು ಕಾವಲಿಗೆ ಹೋಗಿ, ಬಾಯಿ ನೆಲಕ್ಕೆ ಸಮನಾಗಿರುವಂತೆ ಲೋಟಗಳನ್ನು ಹೂತರು. ಕೆಲವನ್ನು ಬಯಲು ಹುಲ್ಲಿನಲ್ಲಿ, ಕೆಲವನ್ನು ಕಾರೆ, ತಂಗಡಿ, ಕವಳಿಯ ಪೊದೆಗಳ ಬುಡದಲ್ಲಿ. ನಡೆದು ಬರುವ ಹುಳು ತಪ್ಪಿ ಒಳಗೆ ಬಿದ್ದರೆ ಮೇಲೆ ಹತ್ತಲಾರದು. ಬೆಳಗ್ಗೆ ನೋಡಿ, ಬರೆದುಕೊಂಡು, ಬಿಟ್ಟುಬಿಡುವುದು. ನೆಲದ ಮೇಲೆ ಓಡಾಡುವ ಹುಳುಗಳನ್ನು ಲೋಕದ ವಿಜ್ಞಾನಿಗಳೆಲ್ಲ ಎಣಿಸುವುದು ಈ ಉಪಾಯದಿಂದಲೇ ಎಂದು ಅವರು ಹೇಳಿದರು. ಏಪ್ರಿಲಿನಲ್ಲಿ ಒಮ್ಮೆ, ಮೊದಲ ಹದ ಮಳೆಯ ಮರುದಿನ ಮತ್ತೊಮ್ಮೆ ಹೀಗೆ ಮಾಡಿದೆವು.

ಏಪ್ರಿಲಿನಲ್ಲಿ ಬಯಲಿನ ಲೋಟಗಳು ಬಹುಪಾಲು ಬರಿದು. ಕೆಲವು ಕರಿಯ ಗೊದ್ದಗಳು, ಒಂದೋ ಎರಡೋ ಜೇಡ, ಅಷ್ಟೆ. ಪೊದೆಯ ಬುಡದಲ್ಲಿ ಮಾತ್ರ ಸಂಸಾರವಿತ್ತು. ಗಟ್ಟಿ ಬೆನ್ನಿನ ಕಪ್ಪು ದುಂಬಿಗಳು, ಜಿರಲೆಯ ಜಾತಿಯ ಹುಳುಗಳು, ಮರಿಚೇಳು, ತರಗೆಲೆಯ ಕೆಳಗೆ ಗೆದ್ದಲಿನ ಮಣ್ಣುಹೊದಿಕೆ. ಪಕ್ಕದ ಪುಡಿಮಣ್ಣಿನಲ್ಲಿ ಆಲಿಕೆಯಂಥ ಗುಳಿ ತೋಡಿಕೊಂಡು, ಜಾರಿ ಬೀಳುವ ಇರುವೆಗಾಗಿ ತಳದಲ್ಲಿ ಕಾದಿರುವ ಹುಳು. ಮಳೆಯ ಮರುದಿನ ನೋಡಿದರೆ ಲೆಕ್ಕ ತಲೆಕೆಳಗಾಗಿತ್ತು. ಬಯಲಿನ ಲೋಟಗಳಲ್ಲಿ ಮಿಡತೆಯ ಮರಿಗಳು, ಸಗಣಿಯುಂಡೆ ಉರುಳಿಸುವ ಹುಳುಗಳು, ಸುರುಳಿ ಸುತ್ತಿಕೊಂಡ ಸಹಸ್ರಪದಿಗಳು, ಇವುಗಳನ್ನು ಬೇಟೆಯಾಡಲು ಬಂದ ಓಟಗಾರ ಜೇಡಗಳು ತುಂಬಿದ್ದವು. ನೆನೆದು ಕುಸಿದಿದ್ದ ಆ ಆಲಿಕೆಗುಳಿಗಳು ಮಾತ್ರ ಇರಲಿಲ್ಲ.

ಹತ್ತಿರದಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೋಲೂರಿ ನಿಂತು ನಮ್ಮ ಸಂಭ್ರಮವನ್ನೆಲ್ಲ ನೋಡಿ, “ಮೇಷ್ಟ್ರೇ, ನೀವು ಲೋಟ ಹೂತು ಹುಡುಕೋದನ್ನ ನಮ್ಮ ಗೌಜಲಕ್ಕಿ ಲೋಟವಿಲ್ಲದೆ ಹುಡುಕ್ತದೆ” ಎಂದರು. ಬೇಸಗೆಯಲ್ಲಿ ಅದು ಪೊದೆಯ ಬುಡ ಕೆದಕುತ್ತದೆ, ಮಳೆ ಬಿದ್ದರೆ ಬಯಲಿಗೆ ಬರುತ್ತದೆ ಎಂದು ಅವರ ಮಾತು. ನಮ್ಮ ಎರಡು ದಿನದ ಪ್ರಯೋಗದ ಫಲಿತಾಂಶವನ್ನು ಅವರು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದರು.

ಇಲ್ಲಿ ನನಗೆ ಹೊಳೆದದ್ದು ಇಷ್ಟು: ಸೇರ್ವೇಗಾರರು ಮಂದೆಗಳನ್ನು ಗಾವುದ ಗಾವುದ ನಡೆಸಿ ಮಾಡುತ್ತಿದ್ದುದನ್ನೇ ಈ ಕೀಲುಗಾಲಿನ ಪ್ರಾಣಿಗಳು ಮಾರುದೂರದಲ್ಲಿ ಮಾಡುತ್ತವೆ. ಅವುಗಳ ಬೇಸಗೆಯ ಕಾವಲು ಪೊದೆಯ ಬುಡ. ಮಳೆಗಾಲದ ಕಾವಲು ಬಯಲು ಹುಲ್ಲು. ಪೊದೆಯ ನೆರಳಿನಲ್ಲಿ ನೆಲ ಅಷ್ಟಾಗಿ ಕಾಯುವುದಿಲ್ಲ. ಕೊಂಬೆಗಳ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಕಾಂಡವನ್ನು ಹಿಡಿದು ಇಳಿದು ಬೇರಿನ ಬಳಿ ಇಂಗುತ್ತದೆ. ಗಾಳಿ ತಂದ ಮಣ್ಣು, ಉದುರಿದ ಎಲೆ, ಹಕ್ಕಿಯ ಹಿಕ್ಕೆ ಎಲ್ಲವೂ ಅಲ್ಲೇ ಕೂಡಿ ಸಣ್ಣದೊಂದು ಫಲವತ್ತಾದ ದ್ವೀಪವಾಗುತ್ತದೆ. ಮಳೆ ಕಡಿಮೆಯಾದಷ್ಟೂ ಈ ದ್ವೀಪದ ಬೆಲೆ ಹೆಚ್ಚು. ಸಮೃದ್ಧಿಯ ವರ್ಷದಲ್ಲಿ ಪೊದೆಗೂ ಬಯಲಿಗೂ ಅಂತರ ಕಡಿಮೆ. ಬರಗಾಲದಲ್ಲಿ ಪೊದೆಯೇ ದಿಕ್ಕು.

ಇವುಗಳಿಂದ ಕಾವಲಿಗೇನು ಉಪಕಾರ ಎಂದು ಕೇಳುವಿರಾದರೆ, ಸಗಣಿಯನ್ನೇ ನೋಡಿ. ಮಳೆಗಾಲದ ಸಗಣಿಯನ್ನು ಉಂಡೆ ಕಟ್ಟುವ ಹುಳುಗಳು ನೆಲದೊಳಗೆ ಹೂತು ಗೊಬ್ಬರ ಮಾಡುತ್ತವೆ. ಒಣಗಾಲದಲ್ಲಿ ಅದೇ ಕೆಲಸ ಗೆದ್ದಲಿನದು. ತೇವದ ನಾಡಿನಲ್ಲಿ ಎರೆಹುಳು ಮಾಡುವುದನ್ನು ಒಣನಾಡಿನಲ್ಲಿ ಗೆದ್ದಲು ಮಾಡುತ್ತದೆ: ಒಣಹುಲ್ಲನ್ನು ಮಣ್ಣಿಗೆ ಸೇರಿಸುತ್ತದೆ, ಅದು ಕೊರೆದ ನಾಳಗಳ ಮೂಲಕ ಮಳೆನೀರು ಒಳಗೆ ಇಂಗುತ್ತದೆ. ಪುಸ್ತಕ ತಿನ್ನುವ ಗೆದ್ದಲನ್ನು ಪಂಡಿತನಾದ ನಾನು ಶಪಿಸಿದ್ದುಂಟು. ಕಾವಲಿನಲ್ಲಿ ಅದನ್ನು ಕಂಡ ಮೇಲೆ ಶಾಪವನ್ನು ಅರ್ಧಕ್ಕೆ ಇಳಿಸಿದ್ದೇನೆ.

ನಮ್ಮ ಹಿಂದಿನವರು ಇದನ್ನೆಲ್ಲ ಕಂಡಿರಲಿಲ್ಲವೆ? ಕಂಡಿದ್ದರು. ಹುತ್ತಕ್ಕೆ ಸಂಸ್ಕೃತದಲ್ಲಿ ವಲ್ಮೀಕ. ಅದರಿಂದ ಎದ್ದುಬಂದವನು ವಾಲ್ಮೀಕಿ. ಅವನ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಮಳೆಗಾಲದ ವರ್ಣನೆ ಬರುತ್ತದೆ. ಎಳೆಯ ಹುಲ್ಲಿನ ನಡುವೆ ಇಂದ್ರಗೋಪಗಳು ಚೆಲ್ಲಿ ನೆಲ ಚಿತ್ರಿತವಾದುದನ್ನು ಕವಿ ಅಲ್ಲಿ ಹೇಳುತ್ತಾನೆ. ನಮ್ಮ ಕವಿಗಳೂ ಮಳೆಗಾಲವನ್ನು ವರ್ಣಿಸುವಾಗ ಇಂದ್ರಗೋಪವನ್ನು ಮರೆತವರಲ್ಲ. ಈ ಪದಕ್ಕೆ ಅರ್ಥ ಹೇಳುವಾಗ ನಾನು ಬಹುಕಾಲ “ಒಂದು ಬಗೆಯ ಕೆಂಪು ಹುಳು” ಎಂದು ಹೇಳಿ ದಾಟಿಬಿಡುತ್ತಿದ್ದೆ. ಮೊದಲ ಮಳೆಯ ಮರುದಿನ ಕಾವಲಿನಲ್ಲಿ, ಕೆಂಪು ಮಖಮಲ್ಲಿನ ಗುಂಡಿಯಂತೆ ಮೆಲ್ಲಗೆ ನಡೆಯುವ ಎಂಟು ಕಾಲಿನ ಆ ಪ್ರಾಣಿಯನ್ನು ಹುಡುಗನೊಬ್ಬ ಅಂಗೈಯಲ್ಲಿಟ್ಟು ತಂದಾಗ ನನ್ನ ಪಾಠಕ್ಕೆ ಜೀವ ಬಂತು. ಇದರ ಬಂಧುಗಳಾದ ಮರುಭೂಮಿಯ ಹುಳುಗಳನ್ನು ಅಭ್ಯಾಸ ಮಾಡಿದವರು ಹೇಳುವಂತೆ, ಅವು ವರ್ಷದ ಬಹುಭಾಗ ನೆಲದೊಳಗಿದ್ದು, ಮಳೆಗೆ ಮೇಲೆದ್ದು, ಅದೇ ಮಳೆಗೆ ಹಾರಿ ಬಿದ್ದ ರೆಕ್ಕೆಯ ಗೆದ್ದಲನ್ನು ತಿಂದು ಮತ್ತೆ ಒಳಗೆ ಸೇರುತ್ತವೆ.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರ ಇನ್ನೂ ಮುಂದೆ ಹೋಗಿದ್ದಾನೆ. ಅವನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯ ಅಂತರ್ಜಲವನ್ನು ಪತ್ತೆ ಹಚ್ಚುವ ಶಾಸ್ತ್ರ. ಯಾವ ಮರ ಅಥವಾ ಪೊದೆಯ ಯಾವ ದಿಕ್ಕಿಗೆ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಎಂದು ಅಲ್ಲಿ ಲೆಕ್ಕ ಕೊಟ್ಟಿದೆ. ನೇರಳೆ ಮರದ ಪೂರ್ವಕ್ಕೆ ಸಮೀಪದಲ್ಲಿ ಹುತ್ತವಿದ್ದರೆ ದಕ್ಷಿಣದ ಮಗ್ಗುಲಲ್ಲಿ ಎರಡು ಪುರುಷ ಆಳಕ್ಕೆ ಸಿಹಿನೀರು ಎಂಬುದು ಒಂದು ಉದಾಹರಣೆ. ಕನ್ನಡದಲ್ಲಿಯೂ ಈ ವಿದ್ಯೆಯುಂಟು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ನೀರು ಕಾಣುವ ಬಗೆಯನ್ನು ತಿಳಿಸುವ ಅಧ್ಯಾಯವಿದೆ. ಆ ಲೆಕ್ಕಗಳೆಲ್ಲ ಇಂದಿನ ಪರೀಕ್ಷೆಯಲ್ಲಿ ನಿಲ್ಲುತ್ತವೆಂದು ನಾನು ವಾದಿಸುವುದಿಲ್ಲ. ಪೊದೆ, ಹುತ್ತ, ನೀರು ಈ ಮೂರಕ್ಕೂ ನಂಟುಂಟು ಎಂಬ ತಿಳಿವಳಿಕೆ ನಮ್ಮ ನೆಲದಲ್ಲಿ ಸಾವಿರ ವರ್ಷಗಳಿಗೂ ಹಳೆಯದು ಎಂಬುದಷ್ಟೇ ನನ್ನ ವಾದ.

ಪಾಶ್ಚಾತ್ಯರು ನಮ್ಮ ದಖನ್ನಿನ ಹುಲ್ಲುನೆಲದಲ್ಲಿ ಕಂಡ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಇರುವೆ ಕಾಳು ಕೂಡಿಡುತ್ತದೆ ಎಂಬ ಹಳೆಯ ಮಾತನ್ನು 19ನೆಯ ಶತಮಾನದ ಮೊದಲಲ್ಲಿ ಯುರೋಪಿನ ಕೀಟಶಾಸ್ತ್ರಜ್ಞರು ನಂಬುತ್ತಿರಲಿಲ್ಲ. ಬೊಂಬಾಯಿ ಸರ್ಕಾರದಲ್ಲಿ ಅಂಕಿ ಅಂಶಗಳ ಅಧಿಕಾರಿಯಾಗಿದ್ದ ಸೈಕ್ಸ್ ಎಂಬಾತ 1829ರ ಮಳೆಗಾಲದಲ್ಲಿ ಪುಣೆಯ ಬಳಿ ಒಂದು ನೋಟ ಕಂಡ. ಇರುವೆಗಳು ಸಾಲುಸಾಲಾಗಿ ಹುಲ್ಲಿನ ಬೀಜಗಳನ್ನು ಗೂಡಿನಿಂದ ಹೊರಗೆ ತಂದು ಬಿಸಿಲಿಗೆ ಹರವುತ್ತಿದ್ದವು. ಮಳೆಗೆ ಕಣಜ ನೆನೆದಿತ್ತು. ಮೊಳೆಯುವ ಮೊದಲು ಒಣಗಿಸಬೇಕು! ಅವನು ಇದನ್ನು 1835ರಲ್ಲಿ ಪ್ರಕಟಿಸಿದ. ಹಗೇವು ನೆನೆದಾಗ ನಮ್ಮ ರೈತ ಮಾಡುವುದೂ ಇದನ್ನೇ ಅಲ್ಲವೆ?

ಇಲ್ಲಿಯವರೆಗೆ ಪೊದೆಯನ್ನು ಹೊಗಳಿದ್ದಾಯಿತು. ಹಾಗಾದರೆ ಕಾವಲಿನ ತುಂಬ ಪೊದೆಯೇ ಬೆಳೆದರೆ ಇನ್ನೂ ಒಳ್ಳೆಯದಲ್ಲವೆ ಎಂದು ನಮ್ಮ ಹುಡುಗನೊಬ್ಬ ಕೇಳಿದ. ಸಮಂಜಸವಾದ ಪ್ರಶ್ನೆ. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ.

1876ರಿಂದ 1878ರ ವರೆಗೆ ದಕ್ಷಿಣ ದೇಶದಲ್ಲಿ ಮಹಾಕ್ಷಾಮ. ಧಾತು, ಈಶ್ವರ ಸಂವತ್ಸರಗಳ ಆ ಬರ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನೂ ದನಗಳನ್ನೂ ನುಂಗಿತು. ಅದೇ ಕಾಲದಲ್ಲಿ, 1877ರಲ್ಲಿ, ಇಂದಿನ ಆಂಧ್ರದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಒಂದು ಹೊಸ ಗಿಡದ ಬೀಜ ಬಿತ್ತಿದರು. ಅಮೆರಿಕ ಖಂಡದ ಒಣನಾಡಿನಿಂದ ಬಂದದ್ದು. ಬರಕ್ಕೆ ಅಂಜದು, ಸೌದೆಗೆ ಒಳ್ಳೆಯದು. ಇಂದು ನಾವು ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ ಅದೇ. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ದನಕುರಿಗಳು ಅದರ ಸಿಹಿಗಾಯಿ ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಕೆರೆಯಂಗಳ, ಗೋಮಾಳ, ಕಾವಲು ಒಂದನ್ನೂ ಅದು ಬಿಡಲಿಲ್ಲ. ಬೇಸಗೆಯ ಕಾವಲೆಂದು ಹಿಂದಿನವರು ಜತನದಿಂದ ಕಾಯ್ದ ಕೆರೆಯಂಗಳಗಳೇ ಅದಕ್ಕೆ ಬಲು ಹಿಡಿಸಿದವು.

ಇದರ ದಾಯಾದಿಯಾದ ಮೆಸ್ಕೀಟ್ ಎಂಬ ಪೊದೆ ತನ್ನ ತವರಿನಲ್ಲೇ ಏನು ಮಾಡಿತೆಂಬುದು ಗಮನಿಸತಕ್ಕದ್ದು. ಅಮೆರಿಕದ ನ್ಯೂ ಮೆಕ್ಸಿಕೋ ಸೀಮೆಯಲ್ಲಿ ಹೋರ್ನಾಡಾ ಎಂಬ ಬಯಲಿದೆ. 1912ರಿಂದ ಅದು ಹುಲ್ಲುಗಾವಲಿನ ಪ್ರಯೋಗಭೂಮಿ. 1858ರ ಭೂಮಾಪನದ ಕಡತಗಳಲ್ಲಿ ಅಲ್ಲಿಯ ಬಹುಭಾಗ ಒಳ್ಳೆಯ ಹುಲ್ಲುನೆಲ. ದನದ ಮಿತಿಮೀರಿದ ಮೇವು, ಬರಗಾಲ, ಪೊದೆಯ ಹಬ್ಬುಗೆ ಮೂರೂ ಕೂಡಿ ನೂರು ವರ್ಷದಲ್ಲಿ ಬಹುಭಾಗ ಪೊದೆಗಾಡಾಯಿತು. ಪೊದೆಗಳ ನಡುವಣ ಹುಲ್ಲು ಸತ್ತು ನೆಲ ಬೋಳಾಯಿತು. ಮಳೆನೀರು ಇಂಗದೆ ಹರಿದುಹೋಯಿತು. ಸಾರವೆಲ್ಲ ಪೊದೆಯ ಬುಡಕ್ಕೆ ಸೇರಿತು. ಹೀಗಾದಾಗ ನೆಲದ ಹುಳುಗಳೆಲ್ಲ ಒಟ್ಟಿಗೆ ನಾಶವಾಗುವುದಿಲ್ಲ. ಸಮುದಾಯವೇ ಬದಲಾಗುತ್ತದೆ. ನೆರಳಿನವು ಉಳಿಯುತ್ತವೆ, ಬಯಲಿನವು, ಎಂದರೆ ಹುಲ್ಲನ್ನು ನಂಬಿದ ಮಿಡತೆ, ಹುಲ್ಲಿನ ಬೀಜ ಕೂಡಿಡುವ ಇರುವೆ, ತೆರೆದ ನೆಲದ ಬೇಟೆಗಾರ ಜೇಡ, ಇವು ಹಿಂದೆ ಸರಿಯುತ್ತವೆ. ಬೇಸಗೆಯ ಕಾವಲು ಉಳಿದು ಮಳೆಗಾಲದ ಕಾವಲು ಇಲ್ಲವಾದಂತೆ.

ನಮ್ಮಲ್ಲಿ ಜಾಲಿಯೊಂದೇ ಅಲ್ಲ, ನಮ್ಮ ಕೈಯೂ ಕೆಲಸ ಮಾಡಿತು. ಹುಲ್ಲುನೆಲವನ್ನು ‘ಬಂಜರು’ ಎಂದು ಕಡತದಲ್ಲಿ ಬರೆದುಕೊಂಡ ಮೇಲೆ, ಅಲ್ಲಿ ನೀಲಗಿರಿ ನೆಡುವುದು ಪುಣ್ಯಕಾರ್ಯವೆನಿಸಿತು. ರಾಣೆಬೆನ್ನೂರಿನ ಬಯಲನ್ನು 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವೆಂದು ಸಾರಿದರು. ಆದರೆ ಆ ನೆಲದ ಬಹುಭಾಗದಲ್ಲಿ ನೀಲಗಿರಿ ನೆಟ್ಟಾಗಿತ್ತು. ಮಿಡತೆ, ದುಂಬಿಗಳನ್ನು ಹೆಕ್ಕುತ್ತ ಆ ಬಯಲಿನಲ್ಲಿ ಗಂಭೀರವಾಗಿ ನಡೆಯುತ್ತಿದ್ದ ಎರೆಭೂತ ಹಕ್ಕಿ ಇಂದು ಅಲ್ಲಿಲ್ಲ. ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಕೆಲವೇ ಕೆಲವು ಉಳಿದಿವೆ. ಹಕ್ಕಿ ಹೋದುದನ್ನು ಜನ ಗಮನಿಸಿದರು. ಅದಕ್ಕೂ ಮೊದಲು ಅದರ ಊಟ ಹೋಗಿತ್ತು. ಅದನ್ನು ಗಮನಿಸಿದವರು ಕಡಿಮೆ.

ಕಾವಲುಗಳ ವಿಸ್ತಾರವೂ ಕುಗ್ಗುತ್ತ ಬಂದಿದೆ. ಸ್ವಾತಂತ್ರ್ಯದ ಅನಂತರ ಸಾಗುವಳಿಗೆಂದು ಕೆಲವು, ನೆಡುತೋಪಿಗೆಂದು ಕೆಲವು ಹೋದವು. ಈ ಶತಮಾನದಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಿದುದು ಸಮಾಧಾನದ ಸಂಗತಿ. ಅಲ್ಲಿ ಕೃಷ್ಣಮೃಗವೂ ತೋಳವೂ ಇವೆ. ಅವುಗಳ ಕಾಲ ಕೆಳಗೆ ನಾನು ಇಷ್ಟು ಹೊತ್ತು ಹೇಳಿದ ಕಿರುಪ್ರಜೆಗಳೂ ಇವೆ.

ಹುಡುಗನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು: ಪೊದೆ ಮನೆ, ಬಯಲು ಹೊಲ. ಮನೆಯೇ ಇಲ್ಲದವನು ಬೇಸಗೆಯಲ್ಲಿ ಸಾಯುತ್ತಾನೆ. ಹೊಲದ ತುಂಬ ಮನೆ ಕಟ್ಟಿಕೊಂಡವನು ಮಳೆಗಾಲ ಬಂದರೂ ಉಪವಾಸವಿರುತ್ತಾನೆ. ಮೂರು ಬಗೆಯ ಕಾವಲನ್ನು ವಿಂಗಡಿಸಿದವರು ಈ ಹದವನ್ನು ದನದ ಮಟ್ಟಿಗೆ ತಿಳಿದಿದ್ದರು. ಹುಳುವನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಅವರು ಕಾಯ್ದ ನೆಲದಲ್ಲಿ ಹುಳುವಿಗೂ ಪಾಲು ದೊರಕಿತ್ತು. ನಾವು ಲೆಕ್ಕವನ್ನೆಲ್ಲ ಬಲ್ಲವರು. ಕಾಯುವುದನ್ನು ಮಾತ್ರ ಅವರಿಂದ ಮತ್ತೆ ಕಲಿಯಬೇಕಾಗಿದೆ.

ಮುಂದಿನ ಮುಂಗಾರಿಗೆ ಮೊದಲ ಹದ ಮಳೆ ಬಿದ್ದ ಮರುದಿನ, ನಿಮ್ಮೂರಿನ ಗೋಮಾಳವೋ ಕಾವಲೋ ಇನ್ನೂ ಉಳಿದಿದ್ದರೆ, ಮಕ್ಕಳನ್ನು ಕರೆದುಕೊಂಡು ಬೆಳಗ್ಗೆ ಅತ್ತ ಹೋಗಿಬನ್ನಿ. ಎಳೆಹುಲ್ಲಿನ ನಡುವೆ ಒಂದು ಇಂದ್ರಗೋಪ ಕಂಡರೆ, ಆ ಪದದ ಅರ್ಥವನ್ನು ಯಾವ ನಿಘಂಟಿಗಿಂತಲೂ ಚೆನ್ನಾಗಿ ನೀವೇ ಅವರಿಗೆ ಹೇಳಿಕೊಡಬಹುದು.